ಮೂರು ದಿನ, ಐದು ಮ್ಯಾಚು, ಒಂದು ಮೊಣಕಾಲು

ಮೂರು ದಿನಗಳಲ್ಲಿ ಒಂದೇ ತಂಡವನ್ನು ಐದು ಪಂದ್ಯ ಆಡಿಸಿದರು. ಇದು ತಪ್ಪು. ಗೊತ್ತಿಲ್ಲದೆ ಆದ ತಪ್ಪಲ್ಲ, ಕಾಗದ ಹಿಡಿದು ಎದುರು ನಿಂತು ಹೇಳಿದ ಮೇಲೂ ಮಾಡಿದ ತಪ್ಪು.

ಇಂಥವು ನಮ್ಮ ತಂಡಕ್ಕೆ ವರ್ಷಕ್ಕೆ ನಾಲ್ಕು ಸಲ ಆಗುತ್ತವೆ. ಪ್ರತಿ ಸಲವೂ ಜನ ನಗುತ್ತಾರೆ, ನಾವೂ ನಗುತ್ತೇವೆ. ನಗು ನಿಂತ ಮೇಲೆ ಯಾರದೋ ಒಂದು ಅಂಗ ಊನವಾಗಿರುತ್ತದೆ.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಟೈಲರ್. ಓದಿದ್ದು ಏಳನೇ ಇಯತ್ತೆ. ಬ್ಯಾಸ್ಕೆಟ್‌ಬಾಲ್ ಕಲಿತದ್ದು ಮೈದಾನದ ತಂತಿಬೇಲಿಯ ಹೊರಗೆ ನಿಂತು. ನಿಯಮದ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಎರಡು ಸಲ ಓದಿದ್ದೇನೆ. ಆ ಕಾರಣಕ್ಕೆ, ಹಣ ಪಡೆದು ಟೂರ್ನಮೆಂಟ್ ಆಡುವ ನಮ್ಮೂರ ತಂಡಕ್ಕೆ ನಾನು ಮ್ಯಾನೇಜರ್. ಅಂದರೆ ನೀರಿನ ಕ್ಯಾನು ಹೊರುವವನು, ಕಾಲಿಗೆ ಪಟ್ಟಿ ಸುತ್ತುವವನು, ಬೈಸಿಕೊಳ್ಳುವವನು.

ತಂಡದಲ್ಲಿ ಹತ್ತು ಜನ. ಹೆಸರು ಬರೆಯುವುದಿಲ್ಲ. ಒಬ್ಬನನ್ನು ಮಾತ್ರ ಅವನ ಊರಿನ ಹೆಸರಲ್ಲಿ ಕರೆಯುತ್ತೇನೆ, ನಾವೆಲ್ಲ ಕರೆಯುವುದೂ ಹಾಗೆಯೇ: ಕರೂರು. ಆರಡಿ ಐದಿಂಚು. ರಿಂಗ್ ಕೆಳಗೆ ನಿಂತು ಚೆಂಡು ಕಿತ್ತುಕೊಳ್ಳುವುದು ಅವನ ಕೆಲಸ. ಟೂರ್ನಮೆಂಟ್ ಇಲ್ಲದಾಗ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುತ್ತಾನೆ. ಎರಡು ಕೆಲಸಕ್ಕೂ ಬೇಕಾದದ್ದು ಒಂದೇ, ಬಲಗಾಲಿನ ಮೊಣಕಾಲು. ಅದು ಊದಿಕೊಂಡಿತ್ತು. ಎಲುಬಿನ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು: ಒಂದು ಪಂದ್ಯ ಆಡಿದರೆ ಎರಡು ದಿನ ಬಿಡುವು ಬೇಕೇ ಬೇಕು. ಇಲ್ಲದಿದ್ದರೆ ಒಳಗಿನ ನರ ಹರಿಯುತ್ತದೆ, ಆಮೇಲೆ ಇವನು ಊಟಕ್ಕೆ ಕಾಲು ಮಡಿಚಿ ಕೂಡುವುದೂ ಕಷ್ಟ.

ಆಡದಿದ್ದರೆ ಆ ಪಂದ್ಯದ ಹಣ ಇಲ್ಲ. ಹಾಗಾಗಿ ಕರೂರು ತಾನಾಗಿ ಒಲ್ಲೆ ಅನ್ನುವವನಲ್ಲ. ಅನ್ನಬೇಕಾದವನು ನಾನು.

ಅಮಾಸಿ

ವೇಳಾಪಟ್ಟಿ ಬಂದ ದಿನವೇ ನಾನೂ ನಮ್ಮ ಕ್ಯಾಪ್ಟನ್ನೂ ಬ್ರೂಸ್‌ಪೇಟೆಗೆ ಹೋದೆವು. ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಟೂರ್ನಮೆಂಟ್ ಸಮಿತಿ. ಅಧ್ಯಕ್ಷರು ಟ್ರೋಫಿ ಒರೆಸುತ್ತ ಕೂತಿದ್ದರು.

"ಸಾರ್, ಶುಕ್ರವಾರ ಸಂಜಿ ಸಿರುಗುಪ್ಪ. ಶನಿವಾರ ಮುಂಜಾನಿ ಬಳ್ಳಾರಿ, ಸಂಜಿಗೆ ಕುರುಗೋಡು. ಗೆದ್ರ ರವಿವಾರ ಮುಂಜಾನಿ ಮತ್ತ ಸಿರುಗುಪ್ಪ, ಸಂಜಿಗೆ ಮತ್ತ ಬಳ್ಳಾರಿ. ಇವರು ಮನುಷ್ಯಾರದಾರ್ರಿ. ನಡುವ ಒಂದು ದಿನಾರ ಬಿಡ್ರಿ," ಅಂದೆ.

"ಎಲ್ಲಿ ಬಿಡ್ಲಿ? ಸೋಮವಾರ ಅಮಾಸಿ ಐತಿ. ಅಮಾಸಿ ದಿನ ಟ್ರೋಫಿ ಕೊಡಾಕ ಯಾವ ಗೆಸ್ಟೂ ಬರಾಂಗಿಲ್ಲ."

"ಅಮಾಸಿ ಆದಮ್ಯಾಲ ಇಡ್ರಿ."

"ಮಂಗಳವಾರ ಶಾಮಿಯಾನದವರಿಗೆ ಬ್ಯಾರೆ ಕಾರ್ಯೇ ಐತಿ. ಶಾಮಿಯಾನ ಇಲ್ಲದ ಗೆಸ್ಟ್‌ನ್ನ ಬಿಸಿಲಾಗ ಕುಂದ್ರಸ್ಲ್ಯಾ?"

ಆಟಗಾರರನ್ನು ಬಿಸಿಲಲ್ಲಿ ಓಡಿಸಬಹುದು, ಅತಿಥಿಯನ್ನು ಬಿಸಿಲಲ್ಲಿ ಕೂರಿಸಬಾರದು. ಈ ಮಾತನ್ನು ನಾನು ಗಟ್ಟಿಯಾಗಿಯೇ ಅಂದೆ. ಕ್ಯಾಪ್ಟನ್ ನನ್ನ ಕಾಲು ತುಳಿದ. ಕೊನೆಗೆ ಡಾಕ್ಟರ ಚೀಟಿ ತೆಗೆದು ಮೇಜಿನ ಮೇಲಿಟ್ಟೆ.

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮುಖ ಗಂಭೀರವಾಯಿತು. ಪೆನ್ನು ತೆಗೆದುಕೊಂಡರು. ನಾನು ಗೆದ್ದೆ ಅಂದುಕೊಂಡೆ.

"ರೆಸ್ಟ್ ಬೇಕಂತ ಬರದಾರ. ಬರೋಬ್ಬರಿ ಐತಿ, ಕೊಡಬೇಕು. ನೋಡು, ಸಿರುಗುಪ್ಪದಿಂದ ಬಳ್ಳಾರಿಗೆ ಟೆಂಪೊದಾಗ ಒಂದೂವರಿ ತಾಸು ಕುಂತ ಬರ್ತಾನ. ಕುರುಗೋಡಿಗೆ ಒಂದು ತಾಸು, ಕುಂತ. ವಾಪಸ್ ಸಿರುಗುಪ್ಪಕ್ಕೂ ಕುಂತ. ಅಲ್ಲಿಂದ ಬಳ್ಳಾರಿಗೂ ಕುಂತ. ಇದನ್ನೆಲ್ಲ ಕೂಡ್ಸು. ಡಾಕ್ಟರ್ ಹೇಳಿದ್ದಕ್ಕಿಂತ ಕಡಿಮಿ ಆಗೂದಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಚೀಟಿಯನ್ನು ಮಡಿಚಿ ನನ್ನ ಜೇಬಿಗೆ ಅವರೇ ಇಟ್ಟರು.

"ಹಾಫ್ ಟೈಮ್ ನಾನಿನ್ನೂ ಲೆಕ್ಕಕ್ಕ ಹಿಡದಿಲ್ಲ, ತಿಳ್ಕೊ."

ಗೆಸ್ಟ್ ದಾರಿಯಾಗದಾರ

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ತಂಡಕ್ಕೆ ಸಮವಸ್ತ್ರ ಕೊಟ್ಟವರು ನಾನು ಕೆಲಸ ಮಾಡುವ ಜೀನ್ಸ್ ಘಟಕದ ಸಾಹುಕಾರರು. ಎಲ್ಲ ತಂಡಗಳೂ ಹಗುರವಾದ ನೈಲಾನ್ ಚಡ್ಡಿ ಹಾಕುತ್ತವೆ. ನಮ್ಮ ಸಾಹುಕಾರರು ಒಪ್ಪಲಿಲ್ಲ.

"ಬಳ್ಳಾರಿ ಟೀಮ್ ಅಂದ್ರ ಜೀನ್ಸ್ ಹಾಕ್ಬೇಕಲೇ. ನೈಲಾನ್ ಹಾಕಾಕ ನಾವೇನು ಸೂರತ್ತಿನವರ?"

ಹತ್ತು ಜನಕ್ಕೆ ಹತ್ತು ಜೀನ್ಸ್ ಚಡ್ಡಿ. ಆರು ಜೇಬು, ಹಿತ್ತಾಳೆ ಗುಂಡಿ, ಜಿಪ್ಪು. ಹೊಲಿದವನು ನಾನೇ. ಬೇಡ ಅಂದೆ, ಆದರೂ ಹೊಲಿದೆ. ಕೆಲಸ ಹೋದೀತು ಅನ್ನುವ ಹೆದರಿಕೆ ನನಗೂ ಇದೆ.

ಶುಕ್ರವಾರ ಸಿರುಗುಪ್ಪದಲ್ಲಿ ಪಂದ್ಯ ಐದಕ್ಕೆ ಅಂತ ಇತ್ತು. ಹುಡುಗರು ನಾಲ್ಕೂವರೆಗೆ ಓಡಿ ಮೈ ಬಿಸಿ ಮಾಡಿಕೊಂಡರು. ಐದಾಯಿತು. ಮೈಕಿನವನು, "ಗೆಸ್ಟ್ ದಾರಿಯಾಗದಾರ, ಇನ್ನೈದು ನಿಮಿಷ" ಅಂದ. ಮೈ ತಣ್ಣಗಾಯಿತು. ಮತ್ತೆ ಓಡಿದರು. ಐದೂಮುಕ್ಕಾಲಿಗೆ, "ಗೆಸ್ಟ್ ಊರಿಗೆ ಬಂದಾರ, ಚಾ ಕುಡ್ಯಾಕತ್ಯಾರ" ಅಂದ. ಮತ್ತೆ ತಣ್ಣಗಾಯಿತು, ಮತ್ತೆ ಓಡಿದರು. ಪಂದ್ಯ ಶುರುವಾಗುವ ಮೊದಲೇ ಒಂದು ಪಂದ್ಯದಷ್ಟು ಓಟ ಆಗಿಹೋಯಿತು. ಜೀನ್ಸ್ ಬೆವರು ಕುಡಿದು ಕಲ್ಲಾಯಿತು.

ಆರೂವರೆಗೆ ಅತಿಥಿ ಬಂದರು. ಎರಡೂ ತಂಡ ಸಾಲಾಗಿ ನಿಂತವು. ಕೈ ಕುಲುಕುತ್ತ ಬಂದವರು ಕರೂರಿನ ಮುಂದೆ ನಿಂತು ಮೇಲೆ ನೋಡಿದರು.

"ಏನಪ್ಪಾ, ಎಷ್ಟು ಎತ್ತರ ಅದೀಯಲ್ಲ! ಮೊಣಕಾಲಿಗೆ ಯಾಕ ಪಟ್ಟಿ?"

"ಊದೈತ್ರಿ."

"ಚಲೋ, ಚಲೋ," ಅಂದು ಮುಂದೆ ಹೋದರು.

ಆಮೇಲೆ ಭಾಷಣ. "ಕ್ರೀಡಾಪಟು ದಣಿವು ಅನ್ನೋ ಶಬ್ದಾನ ಮರತಬಿಡಬೇಕು. ನನ್ನ ನೋಡ್ರಿ. ಇವತ್ತು ಮುಂಜಾನಿಂದ ಇದು ಐದನೇ ಕಾರ್ಯಕ್ರಮ. ದಣದೀನೇನು?" ಜನ ಚಪ್ಪಾಳೆ ಹೊಡೆದರು. ಅತಿಥಿ ಕೈಮುಗಿದು ಶಾಮಿಯಾನದ ಹಿಂದೆ ನಿಲ್ಲಿಸಿದ್ದ ಕಾರಿಗೆ ಹೋದರು.

ಪಂದ್ಯ ಶುರುವಾಗಿ ಐದು ನಿಮಿಷ ಆಗಿರಲಿಲ್ಲ. ಕಾರಿನ ಡ್ರೈವರ್ ತುದಿಗಾಲಲ್ಲಿ ಬಂದು ನನ್ನ ಕಿವಿಯಲ್ಲಿ ಹೇಳಿದ:

"ಅಣ್ಣಾ, ಸಾಹೇಬ್ರು ಮಲಗ್ಯಾರ. ಚೆಂಡು ಅಷ್ಟು ಜೋರಾಗಿ ನೆಲಕ್ಕ ಬಡೀಬ್ಯಾಡ್ರಿ ಅಂತ ನಿಮ್ಮವರಿಗೆ ಹೇಳ್ರಿ."

ಗದ್ದೆಗೆ ಹಾರಿದವು

ಆ ಪಂದ್ಯ ಗೆದ್ದೆವು. ಕರೂರಿನ ಮೊಣಕಾಲಿಗೆ ಐಸ್ ಕಟ್ಟಿದೆ. ಜೀನ್ಸ್ ಚಡ್ಡಿಗಳನ್ನು ಹಿಂಡಿ ಲಾಡ್ಜಿನ ಕಂಬಿಗೆ ನೇತುಹಾಕಿದೆ. ಮುಂಜಾನೆ ಮುಟ್ಟಿದರೆ ಹಾಗೇ ಒದ್ದೆ. ದಪ್ಪ ಜೀನ್ಸ್ ಒಣಗಲು ಒಂದು ಪೂರ್ತಿ ಹಗಲು ಬೇಕು. ಟೂರ್ನಮೆಂಟಿನಲ್ಲಿ ಮನುಷ್ಯನಿಗೆ ಬಿಡುವಿಲ್ಲ, ಚಡ್ಡಿಗೆ ಎಲ್ಲಿಂದ ಬಂತು?

ಉಪಾಯ ಕ್ಯಾಪ್ಟನ್‌ದು. ಬಳ್ಳಾರಿಗೆ ಹೋಗುವ ಟೆಂಪೊದ ಕಿಟಕಿಗಳಿಗೆ ಚಡ್ಡಿ ಸಿಕ್ಕಿಸಿದರೆ ಗಾಳಿಗೆ ಒಣಗುತ್ತವೆ. ಹತ್ತೂ ಸಿಕ್ಕಿಸಿದರು. ಟೆಂಪೊ ಹತ್ತು ಕಿವಿಯ ಆನೆಯ ಹಾಗೆ ಹೊರಟಿತು. ಹುಡುಗರೆಲ್ಲ ಲುಂಗಿ ಸುತ್ತಿಕೊಂಡು, ಬಾಯಿ ತೆರೆದುಕೊಂಡು ನಿದ್ದೆ. ಕಾಯುತ್ತೇನೆ ಅಂದವನು ನಾನು. ನಾನೂ ನಿದ್ದೆ.

ಸಿರಿಗೇರಿ ಕ್ರಾಸ್ ದಾಟಿದ ಮೇಲೆ ಒಬ್ಬ ಬೈಕಿನವನು ಟೆಂಪೊಕ್ಕೆ ಅಡ್ಡ ಬಂದು ನಿಲ್ಲಿಸಿದ.

"ಅಣ್ಣಾ, ನಿಮ್ಮ ಗಾಡಿಯಿಂದ ಚಡ್ಡಿ ಉದುರಾಕತ್ಯಾವ!"

ಎಣಿಸಿದರೆ ಐದು ಉಳಿದಿದ್ದವು. ಹುಡುಕಲು ಸಮಯವಿಲ್ಲ, ಎಂಟೂವರೆಗೆ ಪಂದ್ಯ. ಬಳ್ಳಾರಿಯಲ್ಲಿ ರೆಫರಿ ನಿಯಮ ಹೇಳಿದ: ಒಂದು ತಂಡಕ್ಕೆ ಒಂದೇ ತರದ ಉಡುಪು, ಬೇರೆ ಚಡ್ಡಿ ಹಾಕಿದವನು ಒಳಗೆ ಬರುವಂತಿಲ್ಲ. ನಿಯಮ ಸರಿ. ನಾನೂ ಪುಸ್ತಕದಲ್ಲಿ ಓದಿದ್ದೇನೆ.

ಹಾಗಾಗಿ ಅಂಕಣದಲ್ಲಿ ಐವರು ಚಡ್ಡಿಯಲ್ಲಿ, ಬೆಂಚಿನಲ್ಲಿ ಐವರು ಲುಂಗಿಯಲ್ಲಿ. ಯಾರಾದರೂ ದಣಿದು ಹೊರಗೆ ಬಂದರೆ ಶಾಮಿಯಾನದ ಪರದೆಯ ಹಿಂದೆ ಇಬ್ಬರೂ ಓಡಬೇಕು, ಅಲ್ಲಿ ಚಡ್ಡಿ ಕೈಬದಲಾಗಬೇಕು, ಹೊಸಬ ಗುಂಡಿ ಹಾಕಿಕೊಳ್ಳುತ್ತ ಒಳಗೆ ಓಡಬೇಕು. ಹಿತ್ತಾಳೆ ಗುಂಡಿ ಒದ್ದೆ ಕಾಜದಲ್ಲಿ ಕೂರುವುದೇ ಇಲ್ಲ. ರೆಫರಿ ಗಡಿಯಾರ ತೋರಿಸಿ ಕೂಗುತ್ತಾನೆ. ಒಳಗಿನಿಂದ, "ಜಿಪ್ಪು ಸಿಕ್ಕೊಂಡೈತ್ರಿ ಸಾರ್, ಒಂದ ನಿಮಿಷ!"

ಕರೂರಿನ ವಿಷಯ ಇನ್ನೂ ಕೆಟ್ಟದ್ದು. ಅರ್ಧ ಪಂದ್ಯಕ್ಕೇ ಅವನು ಕುಂಟುತ್ತಿದ್ದ. ಹೊರಗೆ ಕರೆದೆ. ಅವನ ಚಡ್ಡಿ ಬದಲಿ ಆಟಗಾರನ ಸೊಂಟದಲ್ಲಿ ನಿಲ್ಲಲಿಲ್ಲ, ಸೀದಾ ಪಾದಕ್ಕೆ ಇಳಿಯಿತು. ಹಗ್ಗ ಕಟ್ಟೋಣ ಅಂದೆ. ಅಷ್ಟರಲ್ಲಿ ಸಮಯ ಮುಗಿಯಿತು. ಅದನ್ನೇ ಮತ್ತೆ ಹಾಕಿಕೊಂಡು ಕರೂರು ಒಳಗೆ ಹೋದ, ಪೂರ್ತಿ ಪಂದ್ಯ ಅವನೇ ಆಡಿದ. ಅವನ ಅಳತೆ ತೆಗೆದವನು ನಾನು. ಇದು ನನಗೆ ನಗು ತರುವ ವಿಷಯವಲ್ಲ.

ಮಧ್ಯಾಹ್ನದ ಹೊತ್ತಿಗೆ ಅದೇ ಬೈಕಿನವನು ಮೂರು ಚಡ್ಡಿ ತಂದುಕೊಟ್ಟ. ಇನ್ನೆರಡು ಎಲ್ಲಪ್ಪಾ ಅಂದರೆ, ಗದ್ದೆಯ ಮಾಲಕ ಎರಡು ಬೆದರುಗೊಂಬೆಗೆ ತೊಡಿಸಿಬಿಟ್ಟಿದ್ದಾನೆ, ಹಕ್ಕಿ ಬರುವುದು ನಿಂತಿದೆಯಂತೆ, ವಾಪಸ್ ಕೊಡುವುದಿಲ್ಲವಂತೆ.

ಆ ವಾರ ನಮ್ಮ ಜೀನ್ಸ್ ತೊಟ್ಟು ಸೊಂಟ ನೋವಿಲ್ಲದೆ ನೆಟ್ಟಗೆ ನಿಂತದ್ದು ಆ ಬೊಂಬೆಗಳು ಮಾತ್ರ.

ಕುರುಗೋಡಿನ ಊಟ

ಕುರುಗೋಡಿನಲ್ಲಿ ನಮ್ಮನ್ನು ಒಂದು ದೊಡ್ಡ ಮನೆಯವರು ಮಧ್ಯಾಹ್ನದ ಊಟಕ್ಕೆ ಕರೆದರು. ಒಳ್ಳೆಯ ಜನ, ಅವರನ್ನು ದೂರುವುದಿಲ್ಲ. ಆದರೆ ಆ ಮನೆಯ ಯಜಮಾನಿಗೆ ಒಂದು ಪಟ್ಟು: ಆಟ ಆಡುವವರು ತಿನ್ನಬೇಕು.

"ಸಂಜಿ ನಾಕಕ್ಕ ಆಡಬೇಕ್ರಿ ಅವ್ವಾರೆ, ಹಗುರ ಊಟ ಸಾಕು," ಅಂದೆ.

"ಹಗುರ ಊಟ ಮಾಡಿಯೇ ಇವ್ನು ಹಿಂಗ ಉದ್ದ ಬೆಳದು ತೆಳ್ಳಗಾಗ್ಯಾನ. ತಿನ್ನಪ್ಪಾ ತಮ್ಮಾ, ಇನ್ನೊಂದು ಹೋಳಿಗಿ."

ಕಡುಬು, ಹೋಳಿಗೆ, ತುಪ್ಪ, ಮಿರ್ಚಿ, ಎರಡು ಸಲ ಅನ್ನ. ಎಲೆಗೆ ಕೈ ಅಡ್ಡ ಇಟ್ಟರೆ ಕೈಯ ಮೇಲೇ ಬಡಿಸಿದರು. ಊಟವಾದ ಮೇಲೆ ಹತ್ತು ಜನವೂ ಎಲ್ಲೆಲ್ಲಿ ನೆರಳಿತ್ತೋ ಅಲ್ಲಲ್ಲಿ ಉರುಳಿದರು. ಕರೂರು ಹೊರಗಿನ ಕಟ್ಟೆಯ ಮೇಲೆ. ಕಟ್ಟೆ ಸಾಲದೆ ಮೊಣಕಾಲಿನಿಂದ ಕೆಳಗೆ ಗಾಳಿಯಲ್ಲಿ. ಕಾಲಿನ ಕೆಳಗೆ ಒಂದು ಸ್ಟೂಲು ಇಟ್ಟೆ. ನೊಣ ಕೂರುತ್ತವೆಂದು ಬಿಳಿ ಪಂಚೆಯನ್ನು ಮುಖದಿಂದ ಪಾದದವರೆಗೆ ಹೊದಿಸಿದೆ. ಪಕ್ಕದಲ್ಲಿ ನಮ್ಮ ಕ್ಯಾಪ್ಟನ್ ಗೋಡೆಗೆ ಒರಗಿ, ತಲೆ ಕೆಳಗೆ ಹಾಕಿ ಕೂತಿದ್ದ. ನಾನು ಬಾಗಿಲಲ್ಲಿ.

ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕಿ ನಿಂತಳು. ಸೆರಗು ಬಾಯಿಗೆ ಒತ್ತಿಕೊಂಡಳು.

"ಅಯ್ಯೋ ಪಾಪಂ! ಯಾರೋ ತಮ್ಮಾ ಇವ್ನು?"

ಕ್ಯಾಪ್ಟನ್ ಕಣ್ಣು ತೆರೆಯದೆ, "ನಮ್ಮ ಟೀಮಿನವನ ಯವ್ವಾ," ಅಂದ.

"ಏನಾಗಿತ್ತು?"

"ಏನಿಲ್ಲ. ನಿನ್ನಿ ಸಂಜಿ ಒಂದು ಮ್ಯಾಚ್ ಆಡಿದ. ಇವತ್ತು ಮುಂಜಾನಿ ಒಂದು ಆಡಿದ. ಹಿಂಗಾತು."

ಮುದುಕಿ ಕಟ್ಟೆಯ ಕೆಳಗೆ ಕೂತು ಅಳಲು ಶುರು ಮಾಡಿದಳು. ಪೂರ್ತಿ ಸ್ವರ ತೆಗೆದು, ಹಾಡಿಕೊಂಡು. ಮನೆಯೊಳಗಿನವರು, ಎದುರು ಮನೆಯವರು ಓಡಿ ಬಂದರು. ಎಂಟು ಹತ್ತು ಜನ ಸೇರಿದರು. ಇಷ್ಟಾದರೂ ಪಂಚೆಯ ಕೆಳಗಿನವನು ಮಿಸುಕಲಿಲ್ಲ. ಅಷ್ಟು ದಣಿವು. ಆ ಒಂದು ಗಳಿಗೆ ನಾನೂ ನಂಬಿಬಿಟ್ಟೆ. ಓಡಿ ಪಂಚೆ ಸರಿಸಿ, ಮೂಗಿಗೆ ಬೆರಳು ಹಿಡಿದೆ. ಉಸಿರಿತ್ತು.

ಮುದುಕಿ ಕಣ್ಣೊರೆಸಿಕೊಂಡು ಕ್ಯಾಪ್ಟನ್ನನ್ನು ಬೈದಳು. "ನಿಮ್ಮವ ಹಿಂಗ ಬಿದ್ದಾನ, ನಾನು ಹೊರಗಿನಾಕಿ ಅಳಾಕತ್ತೀನಿ. ನೀನ್ಯಾಕ ಅಳವಲ್ಲಿ?"

"ಈಗ ಶಕ್ತಿ ಇಲ್ಲಬೇ. ರವಿವಾರ ಎಲ್ಲಾ ಮುಗದಮ್ಯಾಲ ಅಳ್ತೀನಿ."

ಜಂಪ್ ಬಾಲ್

ಆ ಸಂಜೆಯದು ಚಿಕ್ಕದು, ಹೇಳಿ ಮುಗಿಸುತ್ತೇನೆ. ಬ್ಯಾಸ್ಕೆಟ್‌ಬಾಲ್ ಹೇಗೆ ಶುರುವಾಗುತ್ತದೆ ಗೊತ್ತಲ್ಲ. ನಡುವೆ ಇಬ್ಬರು ಎತ್ತರದವರು ಎದುರುಬದುರು. ರೆಫರಿ ಚೆಂಡನ್ನು ಮೇಲಕ್ಕೆ ಎಸೆಯುತ್ತಾನೆ. ಇಬ್ಬರೂ ಹಾರುತ್ತಾರೆ, ತಟ್ಟಿದವರ ಕಡೆಗೆ ಚೆಂಡು.

ಎದುರಾಳಿ ತಂಡವೂ ಮುಂಜಾನೆ ಆಡಿ ಬಂದಿತ್ತು. ಅವರಿಗೂ ಯಾರೋ ಊಟ ಹಾಕಿದ್ದರು.

ರೆಫರಿ ಚೆಂಡು ಎಸೆದ. ಕರೂರು ಎದುರು ನಿಂತ ಆಟಗಾರನನ್ನು ನೋಡಿದ. ಅವನು ಕರೂರನ್ನು ನೋಡಿದ. ಅವನು ಹಾರಲಿ ಅಂತ ಇವನು, ಇವನು ಹಾರಲಿ ಅಂತ ಅವನು. ಚೆಂಡು ಮೇಲೆ ಹೋದ ಹಾಗೆಯೇ ಕೆಳಗೆ ಬಂದು ರೆಫರಿಯ ತಲೆಗೆ ಬಡಿಯಿತು. ಎರಡನೇ ಸಲ ಎಸೆದ. ಮತ್ತೆ ಯಾರೂ ಹಾರಲಿಲ್ಲ, ಈ ಸಲ ರೆಫರಿ ತಲೆ ಸರಿಸಿದ.

ಮೈಕಿನವನು ಕೂಗಿದ: "ಪ್ರೇಕ್ಷಕರೇ, ಎರಡೂ ತಂಡದವರು ಭಾರೀ ಪ್ಲಾನ್ ಮಾಡ್ಯಾರ! ಯಾರೂ ತಮ್ಮ ಗುಟ್ಟು ಬಿಟ್ಟುಕೊಡವಲ್ರು!"

ಐದು ಫೌಲಿನ ರಜೆ

ರವಿವಾರ ಮುಂಜಾನೆ ಮತ್ತೆ ಸಿರುಗುಪ್ಪ, ಸೆಮಿಫೈನಲ್. ನಾಲ್ಕನೇ ಪಂದ್ಯ.

ನೋಡುವವರು ಚೆಂಡನ್ನು ಕೈ ಎಸೆಯುತ್ತದೆ ಅಂದುಕೊಂಡಿದ್ದಾರೆ. ಎಸೆಯುವುದು ಕಾಲು. ಕಾಲಿನಲ್ಲಿ ಬಲವಿದ್ದರೆ ಚೆಂಡು ರಿಂಗಿನೊಳಗೆ. ಕಾಲು ಸೋತರೆ ರಿಂಗಿನ ಮುಂದಿನ ಅಂಚಿಗೆ. ಇನ್ನೂ ಸೋತರೆ ರಿಂಗನ್ನೂ ಮುಟ್ಟುವುದಿಲ್ಲ. ಶುಕ್ರವಾರ ಕಣ್ಣು ಮುಚ್ಚಿ ಹಾಕುತ್ತಿದ್ದ ನಮ್ಮ ಹುಡುಗರ ಚೆಂಡು ರವಿವಾರ ಗಾಳಿಯಲ್ಲೇ ಬೀಳುತ್ತಿತ್ತು. ಜನ, "ದುಡ್ಡು ತಗೊಂಡು ಹಿಂಗ ಆಡ್ತೀರೇನಲೇ" ಅಂತ ಕೂಗಿದರು. ದುಡ್ಡು ಕೊಟ್ಟು ಟಿಕೆಟ್ ಕೊಂಡವನಿಗೆ ಕೂಗುವ ಹಕ್ಕಿದೆ. ಆದರೆ ಕೂಗಬೇಕಾದದ್ದು ಅಂಕಣದ ಕಡೆಗಲ್ಲ, ಶಾಮಿಯಾನದ ಕಡೆಗೆ.

ನಮ್ಮ ಗಿಡ್ಡನೆಯ ಗಾರ್ಡ್ ಒಬ್ಬ ಇದ್ದಾನೆ, ಚೆಂಡು ಹೊತ್ತು ಓಡುವವನು. ಬಹಳ ಸಭ್ಯ ಆಟಗಾರ. ವರ್ಷಕ್ಕೆ ಎರಡು ಫೌಲ್ ಮಾಡಿದರೆ ಹೆಚ್ಚು. ಅವತ್ತು ಐದು ನಿಮಿಷದಲ್ಲಿ ಮೂರು ಫೌಲ್ ಮಾಡಿದ. ಒಬ್ಬನ ಅಂಗಿ ಹಿಡಿದ, ಒಬ್ಬನ ಕೈಗೆ ಹೊಡೆದ, ಒಬ್ಬನನ್ನು ಸುಮ್ಮನೆ ಅಪ್ಪಿಕೊಂಡ.

ಹತ್ತಿರ ಕರೆದು ಬೈದೆ. "ಯಾಕಲೇ, ತಲಿ ಕೆಟ್ಟೈತೇನು?"

"ಅಣ್ಣಾ, ಸುಮ್ನಿರು. ಮೂರಾದ್ವು. ಇನ್ನೆರಡು ಆದ್ರ ಹೊರಗ ಕುಂದ್ರಸ್ತಾರ."

ಐದು ಫೌಲಾದರೆ ಆಟಗಾರ ಹೊರಗೆ, ಮತ್ತೆ ಒಳಗೆ ಬರುವಂತಿಲ್ಲ. ಇದು ಶಿಕ್ಷೆ. ನಮ್ಮವರಿಗೆ ಅದು ರಜೆಯಾಗಿ ಕಂಡಿತು. ಗುಟ್ಟು ಎದುರಾಳಿಗಳಿಗೂ ತಿಳಿಯಿತು. ಇಪ್ಪತ್ತು ನಿಮಿಷದ ಒಳಗೆ ಅಂಕಣ ಅಪ್ಪಿಕೊಳ್ಳುವವರ ಸಂತೆಯಾಯಿತು. ಫೌಲ್ ಮಾಡಿದವನು ತಾನೇ ಕೈ ಎತ್ತಿ ತನ್ನ ನಂಬರು ಹೇಳುತ್ತಿದ್ದ.

ಕರೂರಿಗೂ ಹೇಳಿದೆ, "ನೀನೂ ಮಾಡಲೇ. ಐದು ಮಾಡಿ ಹೊರಗ ಬಾ. ಮೊಣಕಾಲು ಉಳೀತೈತಿ."

"ಬ್ಯಾಡಣ್ಣಾ, ಎದುರಿನವ್ನಿಗೂ ನೋವಾಗೈತಿ. ಅವ್ನ ಮ್ಯಾಲ ಹೆಂಗ ಬೀಳ್ಳಿ?"

ಅಂಥ ಮನುಷ್ಯ.

ಗಾರ್ಡ್ ನಾಲ್ಕು ಮುಗಿಸಿದ್ದ. ಐದನೆಯದಕ್ಕೆ ಎದುರಾಳಿಯ ಸೊಂಟವನ್ನು ಎರಡೂ ಕೈಯಿಂದ ಹಿಡಿದು ರೆಫರಿಯ ಮುಖ ನೋಡಿದ. ಸೀಟಿ ಬರಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದ. ಸೀಟಿ ಇಲ್ಲ. ಶುಕ್ರವಾರದಿಂದ ಎಲ್ಲ ಪಂದ್ಯಕ್ಕೂ ಸೀಟಿ ಊದಿದವನು ಅದೇ ರೆಫರಿ. ಹಣೆಯ ಮೇಲೆ ಕುರುಗೋಡಿನಲ್ಲಿ ಚೆಂಡು ಬಡಿದ ಬುಗುಟು ಹಾಗೇ ಇತ್ತು.

"ಸಾರ್, ಫೌಲ್ರಿ! ಊದ್ರಿ!" ಅಂತ ಗಾರ್ಡ್ ಅಂಗಲಾಚಿದ.

ರೆಫರಿ ಸೀಟಿಯನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿದ. "ಊದಾಂಗಿಲ್ಲ. ನಿಂಗ ಕುಂದ್ರಾಕ ಬೆಂಚ್ ಐತಿ, ನಂಗ ಎಲ್ಲೈತಿ? ನಾನೂ ನಿಂತೀನಿ, ನೀನೂ ನಿಲ್ಲು."

ಯಾವ ರಿಂಗು

ಆ ಸೆಮಿಫೈನಲ್ಲನ್ನೂ ಹೇಗೋ ಗೆದ್ದೆವು. ಫೈನಲ್ ಬಳ್ಳಾರಿಯಲ್ಲಿ. ರವಿವಾರ ಸಂಜೆ, ಐದನೇ ಪಂದ್ಯ. ಪಟ್ಟಿ ಸುತ್ತಲು ಕೂತಾಗ ಕರೂರಿನ ಮೊಣಕಾಲು ನನ್ನ ಎರಡು ಕೈಯಲ್ಲಿ ಹಿಡಿಸುತ್ತಿರಲಿಲ್ಲ.

"ಆಡಬ್ಯಾಡ," ಅಂದೆ. "ನಾನು ಸಮಿತಿಗೆ ಹೇಳ್ತೀನಿ."

"ಇದೊಂದ ಅಣ್ಣಾ. ಇದಾದಮ್ಯಾಲ ಎರಡು ತಿಂಗಳು ಮಲಗ್ತೀನಿ."

ನಾನು ಪಟ್ಟಿ ಸುತ್ತಿದೆ. ಸುತ್ತಬಾರದಿತ್ತು.

ಎದುರಾಳಿಗಳು ಹೊರಜಿಲ್ಲೆಯವರು. ಅವರಿಗೂ ಐದನೇ ಪಂದ್ಯ. ಇಬ್ಬರೂ ನಡೆದಾಡಿದ ಹಾಗೆ ಆಡಿದರು. ಕೊನೆಯ ಅರ್ಧ ನಿಮಿಷಕ್ಕೆ ಅಂಕ ಸಮ. ಬ್ಯಾಸ್ಕೆಟ್‌ಬಾಲಿನಲ್ಲಿ ಸಮಬಲದಲ್ಲಿ ಮುಗಿಸುವಂತಿಲ್ಲ. ಸಮವಾದರೆ ಐದು ನಿಮಿಷ ಹೆಚ್ಚುವರಿ ಆಟ. ಆಗಲೂ ಸಮವಾದರೆ ಮತ್ತೆ ಐದು ನಿಮಿಷ. ಅಂಕಣದಲ್ಲಿದ್ದ ಹತ್ತು ಜನಕ್ಕೂ ಇದು ನೆನಪಾಯಿತು. ಹತ್ತು ಮುಖವೂ ಬಿಳಿಚಿದವು.

ಚೆಂಡು ಅವರ ಕ್ಯಾಪ್ಟನ್ ಕೈಯಲ್ಲಿತ್ತು. ಅವನು ನಮ್ಮ ಕ್ಯಾಪ್ಟನ್ ಹತ್ತಿರ ಬಂದು ಮೆಲ್ಲಗೆ, "ಅಣ್ಣಾ, ಚೆಂಡು ಕಸ್ಕೊರಿ. ನೀವ ಗೆಲ್ರಿ," ಅಂದ.

"ಛೇ, ಎಲ್ಲ್ಯಾರ ಉಂಟೇನು! ನಮ್ಮೂರಿಗೆ ಬಂದವರು, ನೀವ ಗೆಲ್ರಿ."

"ಇಲ್ರೀ, ಹಿರ್ಯಾರು ನೀವು."

"ಬ್ಯಾಡ್ರಿ, ನೀವು ದೂರದಿಂದ ಬಂದೀರಿ, ಹಾಕ್ರಿ ಹಾಕ್ರಿ."

ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕೂರಿ ಕೂರಿ ಅಂತ ಒಬ್ಬರಿಗೊಬ್ಬರು ಹೇಳುವ ಹಾಗೆ ಹೇಳುತ್ತಲೇ ಸಮಯ ಮುಗಿಯಿತು. ಗಂಟೆ ಬಾರಿಸಿದರು. ಸಮ. ಐದು ನಿಮಿಷ ಹೆಚ್ಚುವರಿ. ಆ ಐದು ನಿಮಿಷದಲ್ಲಿ ಎರಡೂ ಕಡೆ ಒಂದೂ ಬುಟ್ಟಿ ಬೀಳಲಿಲ್ಲ. ಮತ್ತೆ ಸಮ. ಶಾಮಿಯಾನದಲ್ಲಿ ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ಹೊಡೆದರು. ಇಂಥ ಫೈನಲ್ ತಾವು ಕಂಡಿಲ್ಲ ಅಂದರು.

ಎರಡನೇ ಹೆಚ್ಚುವರಿ ಆಟ. ಕೊನೆಯ ಗಳಿಗೆ. ಚೆಂಡು ಯಾರದೋ ಕೈಯಿಂದ ಜಾರಿ ಕರೂರಿನ ಕೈಗೆ ಬಂತು. ಕರೂರು ತಿರುಗಿದ. ತಿರುಗಿದ್ದು ನಮ್ಮದೇ ರಿಂಗಿನ ಕಡೆಗೆ. ಕುಂಟುತ್ತ ಚೆಂಡು ಬಡಿಯುತ್ತ ನಡೆದ. ನಾನು, "ಆ ಕಡಿ ಅಲ್ಲಲೇ!" ಅಂತ ಕೂಗಿದೆ. ಎದುರಾಳಿಗಳು ಎರಡು ಕಡೆ ಸರಿದು ದಾರಿ ಬಿಟ್ಟರು. ಒಬ್ಬ, "ಹಾಕಣ್ಣಾ, ಹಾಕು, ನಿನ್ನ ಮಕ್ಕಳು ತಣ್ಣಗಿರ್ಲಿ," ಅಂದದ್ದು ನನಗೆ ಕೇಳಿಸಿತು. ಕರೂರು ಹಾರಿದ. ಮೂರು ದಿನದಲ್ಲಿ ಅಷ್ಟು ಚಂದ ಹಾರಿರಲಿಲ್ಲ. ಚೆಂಡು ನಮ್ಮ ರಿಂಗಿನೊಳಗೆ ಬಿತ್ತು. ಅವನು ಬಲಗಾಲಿನ ಮೇಲೆ ಇಳಿದ.

ಹಳೆಯ ಜೀನ್ಸನ್ನು ಕೈಯಿಂದ ಸೀಳಿದಾಗ ಒಂದು ಸದ್ದು ಬರುತ್ತದೆ. ಅಂಥದೇ ಸದ್ದು ಅವನ ಮೊಣಕಾಲಿನಿಂದ ಬೆಂಚಿನ ತನಕ ಕೇಳಿಸಿತು.

ಅವನು ಕೆಳಗೆ ಬಿದ್ದಿದ್ದಾನೆ. ಮೇಲೆ ನಿಂತ ರೆಫರಿಗೆ ನಿಯಮದ ಚಿಂತೆ. ತನ್ನ ರಿಂಗಿಗೆ ತಪ್ಪಿ ಹಾಕಿದರೆ ಅಂಕ ಎದುರಾಳಿಗೆ, ಆಟ ಮುಗಿಯಿತು. ಬೇಕೆಂದೇ ಹಾಕಿದರೆ ಅಂಕ ಇಲ್ಲ, ಮತ್ತೆ ಐದು ನಿಮಿಷ ಆಡಬೇಕು. ಪುಸ್ತಕದಲ್ಲಿ ಹಾಗೇ ಇದೆ. ರೆಫರಿ ಬಗ್ಗಿ ಕೇಳಿದ:

"ಬೇಕಂತ ಹಾಕಿದೇನಪ್ಪಾ, ತಪ್ಪಿ ಹಾಕಿದೆ?"

ಕರೂರು ನೋವಿಗೆ ಹಲ್ಲು ಕಚ್ಚಿದ್ದ. ಉತ್ತರ ಕೊಟ್ಟವರು ಉಳಿದ ಒಂಬತ್ತು ಜನ, ಎರಡೂ ತಂಡದವರು, ಒಂದೇ ಗಂಟಲಲ್ಲಿ:

"ತಪ್ಪಿ! ತಪ್ಪಿರಿ ಸಾರ್! ತಪ್ಪಿ!"

ಅವರು ಗೆದ್ದರು. ಸೋತ ನಮ್ಮವರೇ ಮೊದಲು ಕುಣಿದರು. ಶಾಮಿಯಾನದಲ್ಲಿ ಟ್ರೋಫಿ, ಹಾರ, ಭಾಷಣ ಶುರುವಾಯಿತು. ನಾನೂ ಕ್ಯಾಪ್ಟನ್ನೂ ಕರೂರನ್ನು ಎತ್ತಿ ಆಟೋದಲ್ಲಿ ಅಡ್ಡ ಮಲಗಿಸಿದೆವು. ಆಟೋದಲ್ಲಿ ಅವನು ಹಿಡಿಸಲಿಲ್ಲ, ಪಾದ ಹೊರಗೆ. ದಾರಿಯಲ್ಲಿ ನಾನು ಕೇಳಿದೆ.

"ಖರೇ ಹೇಳಲೇ. ಆ ರಿಂಗು ನಮ್ಮದು ಅಂತ ಗೊತ್ತಿರಲಿಲ್ಲ?"

ಕಣ್ಣು ಮುಚ್ಚಿಕೊಂಡೇ ಹೇಳಿದ:

"ನಮ್ಮದು ನಿಮ್ಮದು ನೋಡಾಕ ಎಲ್ಲಿ ಆಗ್ತದಣ್ಣಾ? ಯಾವದು ಹತ್ರ ಇತ್ತೋ ಅದ್ರಾಗ ಹಾಕಿದೆ."

ಡ್ರೈವರ್ ನಕ್ಕ. ಕ್ಯಾಪ್ಟನ್ ನಕ್ಕ. ಕರೂರೂ ನಕ್ಕ. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ಆಸ್ಪತ್ರೆಯ ಬಾಗಿಲ ತನಕ ನಕ್ಕೆವು.

ಒಳಗಿನ ನರ ಪೂರ್ತಿ ಹರಿದಿತ್ತು. ಈಗ ಕರೂರು ಚೀಲ ಹೊರುವುದಿಲ್ಲ, ಆಡುವುದಿಲ್ಲ. ಅಕ್ಕಿ ಮಿಲ್ಲಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕಾಲು ನೀಡಿಕೊಂಡು, ಲಾರಿಗಳ ನಂಬರು ಬರೆದುಕೊಳ್ಳುತ್ತಾನೆ. ಆಪರೇಷನ್ನಿನ ಖರ್ಚಿಗೆ ಸಮಿತಿಯ ಬಳಿ ಹೋದಾಗ ಅಧ್ಯಕ್ಷರು ಹೇಳಿದ್ದು: "ಅವ್ನು ಬಿದ್ದಿದ್ದು ಎದುರಿನವರಿಗೆ ಪಾಯಿಂಟ್ ಹಾಕಿ. ಅವರನ್ನ ಕೇಳ್ರಿ."

ಮೊನ್ನೆ ಬಳ್ಳಾರಿ ಬಸ್‌ಸ್ಟ್ಯಾಂಡಿನ ಗೋಡೆಗೆ ಹೊಸ ಪೋಸ್ಟರ್ ಅಂಟಿಸಿದ್ದಾರೆ. ಸಿರುಗುಪ್ಪದಲ್ಲೂ ಇದೆ, ಕುರುಗೋಡಿನಲ್ಲೂ ಇದೆ. ಅದೇ ಸಮಿತಿ. ಈ ಸಲ ನಾಲ್ಕು ದಿನಕ್ಕೆ ಏಳು ಪಂದ್ಯ. ಕರೂರಿನ ಜಾಗಕ್ಕೆ ಇನ್ನೊಬ್ಬ ಎತ್ತರದವನನ್ನು ಹುಡುಕಿ ಅಂತ ನನಗೆ ಫೋನೂ ಬಂದಿದೆ. ನಾನು ಹುಡುಕುವುದಿಲ್ಲ. ಯಾರ ಕಾಲಿಗೂ ಪಟ್ಟಿ ಸುತ್ತುವುದಿಲ್ಲ.

ನಾನೊಬ್ಬ ಬಿಟ್ಟರೆ ಏನೂ ಆಗುವುದಿಲ್ಲ, ಅದು ನನಗೆ ಗೊತ್ತು. ಪಂದ್ಯ ನಡೆಯುವುದು ನೀವು ಕುರ್ಚಿ ತುಂಬುವುದರಿಂದ. ಆದ್ದರಿಂದ ಈ ಕೆಲಸ ನಿಮ್ಮದು. ಟಿಕೆಟ್ ಮಾರಲು ಬಂದವನನ್ನು ನಿಲ್ಲಿಸಿ, ವೇಳಾಪಟ್ಟಿ ಕೇಳಿ, ಎರಡು ಪಂದ್ಯಗಳ ನಡುವೆ ಬಿಡುವಿನ ದಿನ ಎಲ್ಲಿದೆ ಬೆರಳಿಟ್ಟು ತೋರಿಸು ಅನ್ನಿ. ತೋರಿಸದಿದ್ದರೆ ಟಿಕೆಟ್ ಕೊಳ್ಳಬೇಡಿ, ಪಕ್ಕದ ಮನೆಯವರಿಗೂ ಕೊಳ್ಳಲು ಬಿಡಬೇಡಿ. ನಾಳೆಯೇ ಹೋಗಿ ಕೇಳಿ.